ಊರಿಗಾಂ ಷೇರಿನ ಬೆಲೆ

ಕೋಲಾರ ಚಿನ್ನದ ಗಣಿಗಳ ಇತಿಹಾಸವನ್ನು ನೆಲದಿಂದ ಎತ್ತಿದ ಚಿನ್ನದ ತೂಕದ ಮೇಲೆಯೇ ಬರೆಯುವುದು ವಾಡಿಕೆಯಾಗಿದೆ. 1880ರ ದಶಕದಿಂದ 2001ರವರೆಗಿನ ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ, 3 ಕಿಲೋಮೀಟರನ್ನೂ ಮೀರಿದ ಆಳ, 1902ರಲ್ಲಿ ಶಿವನಸಮುದ್ರದಿಂದ ಹರಿದುಬಂದ ವಿದ್ಯುತ್ತು ಎಂಬ ಸಂಗತಿಗಳು ಶಾಲಾಮಕ್ಕಳಿಗೂ ಗೊತ್ತು. ಇದೇ ಇತಿಹಾಸವನ್ನು ಆ ಗಣಿಗಳಿಗೆ ಹಣ ಹೂಡಿದ ಸಣ್ಣ ಷೇರುದಾರರ ಕಡೆಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಅವರ ಪಾಲಿಗೆ ಮೊದಲ ನಾಲ್ಕೈದು ವರ್ಷ ಚಿನ್ನವೆಂಬುದು ಹೆಸರಿಗಷ್ಟೇ ಇತ್ತು. ಕೈಗೆ ಸಿಗುತ್ತಿದ್ದುದು ವರದಿಗಳು, ತಂತಿ ಸಂದೇಶಗಳು, ಸಭೆಯ ನೋಟೀಸುಗಳು ಮತ್ತು ದಿನೇ ದಿನೇ ಕರಗುತ್ತಿದ್ದ ಬಂಡವಾಳದ ಲೆಕ್ಕ. ಚಿನ್ನ ಕಣ್ಣಿಗೆ ಬೀಳುವ ಮೊದಲೇ ಸಣ್ಣದೊಂದು ಚಿನ್ನದ ಕಂಪನಿಗೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಆಗ ಲಂಡನ್ನಿನಲ್ಲಿ ಎದ್ದಿತು, ಮತ್ತು ಅದಕ್ಕೆ ಊರಿಗಾಂ ಗಣಿಯ ನೆಪದಲ್ಲಿ ದೊರೆತ ಉತ್ತರವೊಂದು ಇಂಗ್ಲೆಂಡಿನ ಮತ್ತು ಭಾರತದ ಕಂಪನಿ ಕಾನೂನುಗಳಲ್ಲಿ ಇಂದಿಗೂ ಉಳಿದುಕೊಂಡಿದೆ.

ಚಿನ್ನ ಸಿಕ್ಕ ನೆಲ ಬಹಳ ಕಿರಿದಾದದ್ದು. ಮುಳಬಾಗಿಲಿನ ಬೆಟ್ಟಬಂಡೆಗಳು, ಆವಣಿಯ ಗುಡ್ಡ, ಕೋಲಾರದ ಶತಶೃಂಗ ಪರ್ವತ ಇವೆಲ್ಲ ಗ್ರಾನೈಟ್ ಜಾತಿಯ ಕಲ್ಲುಗಳು. ಇವುಗಳ ನಡುವೆ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದಕ್ಕೆ, ಹೆಚ್ಚಿನ ಕಡೆ ಮೂರು ನಾಲ್ಕು ಕಿಲೋಮೀಟರ್ ಅಗಲಕ್ಕೆ, ಕಪ್ಪು ಛಾಯೆಯ ಶಿಸ್ಟ್ ಪಟ್ಟಿಯೊಂದು ಹಾದುಹೋಗಿದೆ. ಶಿಸ್ಟ್ ಎಂದರೆ ಶಾಖ ಮತ್ತು ಒತ್ತಡಗಳಿಗೆ ಸಿಕ್ಕಿ ಪದರು ಪದರಾಗಿ ಮಾರ್ಪಟ್ಟ ಶಿಲೆ. ಈ ಪಟ್ಟಿಯೊಳಗೆ ತೂರಿಕೊಂಡಿರುವ ಬೆಣಚುಕಲ್ಲಿನ ಎಳೆಗಳಲ್ಲಿ, ಅದರಲ್ಲಿಯೂ ಮುಂದೆ ಚಾಂಪಿಯನ್ ಎಂದು ಹೆಸರಾದ ಒಂದು ಎಳೆಯಲ್ಲಿ, ಕೋಲಾರದ ಚಿನ್ನದ ಬಹುಪಾಲು ಅಡಗಿತ್ತು. ಮುಳಬಾಗಿಲಿನಿಂದ ಬೇತಮಂಗಲದ ಹಾದಿ ಹಿಡಿದು ದಕ್ಷಿಣಕ್ಕೆ ಹೊರಟವರು ಈ ಪಟ್ಟಿಯ ಗಡಿಯನ್ನು ದಾಟುವಾಗ ನೆಲದ ಬಣ್ಣ ಬದಲಾಗುವುದನ್ನು ಬಿಟ್ಟರೆ ಬೇರೇನನ್ನೂ ಕಾಣಲಾರರು. ಆದರೆ ಒಂದು ಜಮೀನು ಆ ಎಳೆಯ ಮೇಲಿದೆಯೋ ಅದರಿಂದ ಕೂಗಳತೆಯ ದೂರದಲ್ಲಿದೆಯೋ ಎಂಬುದರ ಮೇಲೆ 1880ರ ದಶಕದಲ್ಲಿ ಸಾವಿರಾರು ಮನೆಗಳ ಉಳಿತಾಯ ನಿಂತಿತ್ತು.

ಆ ನೆಲಕ್ಕೆ ಮೊದಲು ಬೆಲೆ ಕಟ್ಟಿದವರು ಕಂಪನಿಗಳಲ್ಲ. 1802ರಲ್ಲಿ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಈ ಭಾಗದಲ್ಲಿ ಚಿನ್ನ ಸಿಗುತ್ತದೆಂಬ ಮಾತನ್ನು ಕೇಳಿ, ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಸಾರಿದಾಗ, ಊರಿಗಾಮಿನ ಜನ ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸಿ ತೋರಿಸಿದರು. ಮಾರಿಕುಪ್ಪಂನಲ್ಲಿ ಅವನು ಕಂಡದ್ದು ಇನ್ನೂ ವ್ಯವಸ್ಥಿತವಾದ ಕಸುಬು. ಗಂಡಸರು ಇಕ್ಕಟ್ಟಾದ ಗುಂಡಿಗಳೊಳಗೆ ಇಳಿದು ಕಲ್ಲು ಒಡೆದು, ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಲಕ್ಕೆ ಕಳಿಸುತ್ತಿದ್ದರು. ಹೆಂಗಸರು ಆ ಕಲ್ಲುಗಳನ್ನು ದೊಡ್ಡ ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ, ಬಾವಿಯ ಬಳಿಗೆ ಒಯ್ದು ನೀರಿನಲ್ಲಿ ಜಾಲಿಸುತ್ತಿದ್ದರು. ಎಷ್ಟು ಕಲ್ಲಿಗೆ ಎಷ್ಟು ಚಿನ್ನ, ಅದಕ್ಕೆ ಎಷ್ಟು ದಿನದ ಕೂಲಿ, ಗುಂಡಿಗೆ ನೀರು ನುಗ್ಗಿದ ಮೇಲೆ ಮುಂದುವರಿಯುವುದು ಲೇಸೋ ಬಿಡುವುದು ಲೇಸೋ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಹುಟ್ಟಿನಿಂದ ಫ್ರೆಂಚನಾದ ವಾರನ್ ಮುಂದೆ ಮದರಾಸಿನ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ, ‘ಕಾಲಸಂಕಲಿತ’ ಎಂಬ ಹೆಸರಿನಲ್ಲಿ ಭಾರತೀಯ ಪಂಚಾಂಗ ಗಣಿತದ ಗ್ರಂಥವನ್ನು ಬರೆದ ವಿದ್ವಾಂಸ; ಅಳೆದು ಬರೆಯುವ ಅಭ್ಯಾಸವಿದ್ದ ಇಂಥವನ ವರದಿಯಾದ್ದರಿಂದಲೇ ಎಪ್ಪತ್ತು ವರ್ಷಗಳ ಮೇಲೂ ಅದನ್ನು ನಂಬಿ ಹಣ ಹಾಕುವವರು ಸಿಕ್ಕಿದರು. ನಡುವೆ ಹಲವರು ಬಂದು ಹುಡುಕಿ ಹೋದರು, ಅಪಘಾತಗಳಾದವು, 1859ರಲ್ಲಿ ಸುರಂಗ ತೋಡುವುದನ್ನೇ ಸರ್ಕಾರ ನಿಷೇಧಿಸಿತು.

ಆ ಹಳೆಯ ವರದಿಯನ್ನು ಓದಿ ಹೊರಟವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧದ ಯುದ್ಧದಲ್ಲಿ ಕಾದಿ, ಬೆಂಗಳೂರಿನಲ್ಲಿ ನೆಲಸಿದ್ದ ಈ ಐರಿಷ್ ಸೈನಿಕ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಕೋಲಾರ ಸೀಮೆಯಲ್ಲಿ ಗಣಿ ತೋಡುವ ಹಕ್ಕನ್ನು 20 ವರ್ಷಗಳ ಮಟ್ಟಿಗೆ ಪಡೆದನು. ಮೈಸೂರು ಆಗಿನ್ನೂ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ರಾಜ್ಯ ಒಡೆಯರಿಗೆ ಮರಳಿದ್ದು 1881ರ ಮಾರ್ಚಿನಲ್ಲಿ. ಊರಿಗಾಂ ಹತ್ತಿರ ಒಂದು ಬಾವಿ ತೋಡುವಷ್ಟರಲ್ಲಿ ಲವೆಲ್‌ನ ಕೈ ಬರಿದಾಯಿತು. ಅವನ ಹಕ್ಕು 1877ರಲ್ಲಿ ಮದರಾಸು ಸೈನ್ಯದ ಬೆರೆಸ್‌ಫರ್ಡ್ ಎಂಬ ಅಧಿಕಾರಿಗೂ ಅವನ ಜೊತೆಗಾರರಿಗೂ ಹೋಯಿತು. ಕೋಲಾರ್ ಕನ್ಸೆಷನೇರ್ಸ್ ಎಂದು ಕರೆಸಿಕೊಂಡ ಈ ಕೂಟ, ತನಗೆ ಸಿಕ್ಕ ನೆಲವನ್ನು ತುಂಡು ತುಂಡಾಗಿ ವಿಂಗಡಿಸಿ ಲಂಡನ್ನಿನಲ್ಲಿ ಹುಟ್ಟುತ್ತಿದ್ದ ಕಂಪನಿಗಳಿಗೆ ಬಿಟ್ಟುಕೊಟ್ಟಿತು.

ಸಣ್ಣ ಷೇರುದಾರನ ಕಷ್ಟ ಮೊದಲಾಗುವುದು ಇಲ್ಲಿಂದಲೇ. ಗಣಿಯ ಹಕ್ಕನ್ನು ಕಂಪನಿಗೆ ಮಾರುವವನು ಅದರ ಬೆಲೆಯನ್ನು ಭಾಗಶಃ ನಗದಾಗಿಯೂ ಭಾಗಶಃ ಅದೇ ಕಂಪನಿಯ ಷೇರುಗಳಾಗಿಯೂ ಪಡೆಯುವುದು ಆ ಕಾಲದ ರೂಢಿಯಾಗಿತ್ತು. ಸಾರ್ವಜನಿಕರು ತೆತ್ತ ಹಣದ ಒಂದು ಪಾಲು ಹೀಗೆ ಕಲ್ಲನ್ನು ಮುಟ್ಟುವ ಮೊದಲೇ ಮಾರಿದವನ ಕಿಸೆಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಯಂತ್ರಗಳು ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಇಂದಿನ ಬಂಗಾರಪೇಟೆಯ ಬದಿಗೆ ತಲುಪಿ, ಮುಂದಿನ ಹತ್ತು ಮೈಲಿಯನ್ನು ಎತ್ತಿನ ಗಾಡಿಯಲ್ಲಿ ಕ್ರಮಿಸಬೇಕಾಗಿತ್ತು. ಆದ್ದರಿಂದ ಒಂದು ಕಂಪನಿಯ ಘೋಷಿತ ಬಂಡವಾಳವೆಷ್ಟು ಎನ್ನುವುದಕ್ಕಿಂತ ಅದರಲ್ಲಿ ಕೆಲಸಕ್ಕೆ ಉಳಿದ ಹಣವೆಷ್ಟು ಎನ್ನುವುದು ದೊಡ್ಡ ಪ್ರಶ್ನೆಯಾಗಿತ್ತು, ಮತ್ತು ಪ್ರಾಸ್ಪೆಕ್ಟಸ್ ಎನ್ನುವ ಷೇರು ಮಾರಾಟದ ಪ್ರಕಟಣೆಯಲ್ಲಿ ಓದುಗನ ಕಣ್ಣು ಸಾಮಾನ್ಯವಾಗಿ ಮೊದಲನೆಯದರ ಮೇಲೆ ಬೀಳುವಂತೆ ಬರೆದಿರುತ್ತಿತ್ತು.

ಕೋಲಾರದ ಕಂಪನಿಗಳು ಹುಟ್ಟಿದ ಹೊತ್ತೂ ಒಳ್ಳೆಯದಾಗಿರಲಿಲ್ಲ. ಆಸ್ಟ್ರೇಲಿಯದ ಗಣಿಗಾರಿಕೆಯ ತಜ್ಞ ರಾಬರ್ಟ್ ಬ್ರೋ ಸ್ಮಿತ್ ನೀಲಗಿರಿ ತಪ್ಪಲಿನ ವೈನಾಡಿನಲ್ಲಿ ಚಿನ್ನದ ಎಳೆಗಳು ಹೇರಳವಾಗಿವೆಯೆಂದು ವರದಿ ಮಾಡಿದ ಮೇಲೆ, 1880 ಮತ್ತು 1881ರಲ್ಲಿ ಲಂಡನ್ನಿನಲ್ಲಿ ನಲವತ್ತರ ಹತ್ತಿರ ಕಂಪನಿಗಳು ತಲೆಯೆತ್ತಿ, ಒಟ್ಟು 50 ಲಕ್ಷ ಪೌಂಡಿನಷ್ಟು ಬಂಡವಾಳವನ್ನು ಘೋಷಿಸಿಕೊಂಡವು. ಅಲ್ಲಿನ ಪಂದಲೂರಿನ ಕಾಡಿನ ನಡುವೆ ಬಂಗಲೆಗಳೂ ಅಂಗಡಿಗಳೂ ಎದ್ದವು. ಅರೆದ ಕಲ್ಲಿನಲ್ಲಿ ಚಿನ್ನ ಇರಲಿಲ್ಲವೆಂದಲ್ಲ, ಅರೆಯುವ ಖರ್ಚನ್ನು ಹೊರಡಿಸುವಷ್ಟು ಇರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಆ ಕಂಪನಿಗಳಲ್ಲಿ ಹೆಚ್ಚಿನವು ಮುಳುಗಿಹೋದವು. ವೈನಾಡಿನಲ್ಲಿ ಕೈ ಸುಟ್ಟುಕೊಂಡ ಷೇರುದಾರನಿಗೆ ಕೋಲಾರವೂ ಅದೇ ಭಾರತ, ಅದೇ ಬೆಣಚುಕಲ್ಲು, ಅದೇ ಮಾತು. ಎರಡಕ್ಕೂ ಇದ್ದ ವ್ಯತ್ಯಾಸವನ್ನು ಅವನು ಲಂಡನ್ನಿನಲ್ಲಿ ಕುಳಿತು ತಿಳಿಯುವ ಮಾರ್ಗವೇ ಇರಲಿಲ್ಲ.

ಅವನ ಮುಂದಿದ್ದ ಅಂಕಿಗಳು ಯಾವುವು ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಚಿನ್ನದ ಗಣಿಯ ಲೆಕ್ಕದಲ್ಲಿ ಒಂದು ಸೌಲಭ್ಯವಿತ್ತು: ತೆಗೆದ ಸರಕಿನ ಬೆಲೆ ಬದಲಾಗುತ್ತಿರಲಿಲ್ಲ. ಬ್ರಿಟನ್ನಿನ ನಾಣ್ಯವೇ ಚಿನ್ನದ ಮೇಲೆ ನಿಂತಿದ್ದ ಆ ಕಾಲದಲ್ಲಿ ಅಪ್ಪಟ ಚಿನ್ನದ ಒಂದು ಔನ್ಸಿಗೆ, ಅಂದರೆ 31.1 ಗ್ರಾಮಿಗೆ, ಸುಮಾರು 85 ಶಿಲ್ಲಿಂಗ್ ಎಂಬುದು ಗೊತ್ತಾದ ದರ. 20 ಶಿಲ್ಲಿಂಗಿಗೆ ಒಂದು ಪೌಂಡು, 12 ಪೆನ್ನಿಗೆ ಒಂದು ಶಿಲ್ಲಿಂಗು. ಹೀಗಾಗಿ ತಿಳಿಯಬೇಕಾದವು ಮೂರೇ: ಒಂದು ಟನ್ನು ಅದಿರಿನಲ್ಲಿ ಚಿನ್ನ ಎಷ್ಟು, ಆ ಟನ್ನನ್ನು ಎತ್ತಿ ಅರೆಯಲು ಖರ್ಚು ಎಷ್ಟು, ಅಂಥ ಟನ್ನುಗಳು ಒಟ್ಟು ಎಷ್ಟಿವೆ. ಮೊದಲನೆಯದನ್ನು ಪೆನ್ನಿವೇಟ್ ಎಂಬ ಮಾನದಲ್ಲಿ, ಅಂದರೆ ಔನ್ಸಿನ ಇಪ್ಪತ್ತನೆಯ ಒಂದು ಭಾಗದಲ್ಲಿ, ಹೇಳುತ್ತಿದ್ದರು. ಆದರೆ ಕೈಗೆ ಸಿಕ್ಕ ಹೊಳೆಯುವ ಕಲ್ಲನ್ನು ಪರೀಕ್ಷೆಗೆ ಕಳಿಸಿದರೆ ಬರುವ ಅಂಕಿಗೂ ಅಗಲವಾಗಿ ತೋಡಿದ ಕಲ್ಲನ್ನೆಲ್ಲ ಅರೆದರೆ ಬರುವ ಅಂಕಿಗೂ ಅಜಗಜಾಂತರವಿರುತ್ತದೆ. ಮೂರನೆಯದು, ಅಂದರೆ ಅದಿರಿನ ಸಂಗ್ರಹ, ಎಲ್ಲಕ್ಕಿಂತ ಜಾರು. ನಾಲ್ಕು ಕಡೆಯಿಂದಲೂ ಸುರಂಗ ಕೊರೆದು ಕಣ್ಣಿಗೆ ಕಾಣುವಂತೆ ಮಾಡಿದ ಅದಿರಿಗೂ, ಎಳೆ ಮುಂದೆಯೂ ಹೀಗೆಯೇ ಹೋಗಿರಬಹುದು ಎಂಬ ಊಹೆಯ ಅದಿರಿಗೂ ವರದಿಗಳಲ್ಲಿ ಒಂದೇ ಪದ ಬಳಕೆಯಾಗುತ್ತಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್ ಗಣಿ ಎಂಜಿನಿಯರನಾಗಿದ್ದಾಗ 1909ರಲ್ಲಿ ಪ್ರಕಟಿಸಿದ ಗಣಿಗಾರಿಕೆಯ ಗ್ರಂಥದಲ್ಲಿ ಈ ಗೊಂದಲವನ್ನು ನಿವಾರಿಸುವುದಕ್ಕೇ ಸಾಕಷ್ಟು ಪುಟಗಳನ್ನು ಮೀಸಲಿಡಬೇಕಾಯಿತು.

ಗಣಿಯಿಂದ ಲಂಡನ್ನಿಗೆ ಸುದ್ದಿ ತಲುಪಿಸುತ್ತಿದ್ದವನು ಗಣಿಯ ಕ್ಯಾಪ್ಟನ್. ಸೈನ್ಯಕ್ಕೂ ಈ ಬಿರುದಿಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರ ಮತ್ತು ತಾಮ್ರದ ಗಣಿಗಳಲ್ಲಿ ಕೆಲಸದ ಮೇಲ್ವಿಚಾರಕನನ್ನು ಹೀಗೆ ಕರೆಯುವುದು ರೂಢಿ. ಕೋಲಾರದ ಆಡಳಿತವನ್ನು ವಹಿಸಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಆ ಸೀಮೆಯ ಗಣಿಗಳಲ್ಲಿ ಬೆಳೆದದ್ದು. ಅಲ್ಲಿನ ಹಳೆಯ ಪದ್ಧತಿಯಲ್ಲಿ ಪಾಲುದಾರರು ಆಗಾಗ ಸಭೆ ಸೇರಿ ಲೆಕ್ಕ ನೋಡಿ, ಲಾಭವಿದ್ದರೆ ಹಂಚಿಕೊಂಡು, ನಷ್ಟವಿದ್ದರೆ ತಲಾ ಇಷ್ಟೆಂದು ಹಾಕಿ ಗಣಿಯನ್ನು ಮುಂದುವರಿಸುತ್ತಿದ್ದರು. 1862ರ ಕಂಪನಿ ಕಾಯಿದೆಯಡಿಯ ಪರಿಮಿತ ಹೊಣೆಯ ಕಂಪನಿಯಲ್ಲಿ ಷೇರಿನ ಮುಖಬೆಲೆಯನ್ನು ಪೂರ್ತಿ ಕೊಟ್ಟವನಿಂದ ಮತ್ತೊಂದು ಪೆನ್ನಿಯನ್ನೂ ಕೇಳುವಂತಿಲ್ಲ. ಷೇರುದಾರನಿಗೆ ಇದು ರಕ್ಷೆ. ಗಣಿಗೆ ಮಾತ್ರ ಇದರಿಂದ ಹೊಸ ಸಂಕಟ ಬಂತು, ಏಕೆಂದರೆ ಹಣ ತೀರಿದ ದಿನ ಎಳೆ ಇನ್ನು ಹತ್ತಡಿ ದೂರದಲ್ಲಿದ್ದರೂ ಕೇಳಲು ಯಾರೂ ಇರುವುದಿಲ್ಲ.

1880ರಲ್ಲಿ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಈ ಅಂಚಿಗೆ ಬಂದು ನಿಂತ ಕಥೆ ಕೋಲಾರದಲ್ಲಿ ಐತಿಹ್ಯದಂತೆ ಪ್ರಚಲಿತವಾಗಿದೆ. ಕೆಲವೇ ವರ್ಷಗಳಲ್ಲಿ ಬಂಡವಾಳ ಕರಗಿ 13,000 ಪೌಂಡು ಮಾತ್ರ ಉಳಿಯಿತು. ಒಂದು ಪೌಂಡಿನ ಷೇರು ಕೆಲವು ಪೆನ್ನಿಗಳಿಗೆ ಇಳಿಯಿತು. ಉಳಿದದ್ದನ್ನಾದರೂ ಹಂಚಿಕೊಂಡು ಕಂಪನಿಯನ್ನು ಮುಚ್ಚೋಣವೆಂದು ಷೇರುದಾರರಲ್ಲಿ ಒಂದು ಪಂಗಡ ಹಟ ಹಿಡಿಯಿತು. ಜಾನ್ ಟೇಲರನ ಮಾತಿನಂತೆ ಕೊನೆಯ ಪ್ರಯತ್ನವೊಂದನ್ನು ಮಾಡುವುದೆಂದು ತೀರ್ಮಾನವಾಗಿ, ಕ್ಯಾಪ್ಟನ್ ಪ್ಲಮರ್ ಎಂಬ ಅನುಭವಿಯನ್ನು ಕಳಿಸಿಕೊಡಲಾಯಿತು. ಹಿಂದಿನವರು ತಮಗೆ ತೋಚಿದ ಕಡೆ ಹೊಸ ಶಾಫ್ಟುಗಳನ್ನು ಇಳಿಸಿದ್ದರೆ, ಪ್ಲಮರ್ ಪ್ರಾಚೀನರ ಹಳೆಯ ಗುಂಡಿಗಳ ಕೆಳಗೆ ಏನಿದೆಯೆಂದು ನೋಡಲು ಹೊರಟನು. ಹಳಬರು ನೀರಿಗೋ ಗಾಳಿಯ ಅಭಾವಕ್ಕೋ ಸೋತು ಕೈಬಿಟ್ಟ ತಳದಲ್ಲಿ ಎಳೆ ಹಾಗೆಯೇ ಮುಂದುವರಿದಿತ್ತು. ಚಾಂಪಿಯನ್ ರೀಫ್ ಸಿಕ್ಕಿದ್ದು ಹೀಗೆ. ಪೆನ್ನಿಯ ಷೇರು ಪೌಂಡುಗಳಿಗೆ ಏರಿದ್ದೂ ಹೀಗೆ.

ಈ ಕಥೆಯನ್ನು ಹೇಳುವವರು ಗಟ್ಟಿಯಾಗಿ ನಿಂತ ಷೇರುದಾರರ ಧೈರ್ಯವನ್ನು ಕೊಂಡಾಡುತ್ತಾರೆ. ಅದು ಅಷ್ಟು ಸರಿಯಲ್ಲ. ಮುಚ್ಚೋಣವೆಂದವರಿಗೂ ಮುಂದುವರಿಸೋಣವೆಂದವರಿಗೂ ಗೊತ್ತಿದ್ದುದು ಒಂದೇ, ಅಂದರೆ ಬಹುಮಟ್ಟಿಗೆ ಏನೂ ಇಲ್ಲ. ಆ ತಿಳಿವಳಿಕೆಯ ಮಟ್ಟಿಗೆ ಹಣ ವಾಪಸು ಕೇಳಿದವರ ಲೆಕ್ಕವೇ ಹೆಚ್ಚು ಜಾಣತನದ್ದಾಗಿತ್ತು. ವೈನಾಡಿನಲ್ಲಿ ಇದೇ ಬಗೆಯ ಸಭೆಗಳಲ್ಲಿ ಮುಂದುವರಿಸೋಣವೆಂದವರು ಉಳಿದ ಹಣವನ್ನೂ ಕಳೆದುಕೊಂಡರು, ಅವರನ್ನು ಧೈರ್ಯವಂತರೆಂದು ಯಾರೂ ನೆನೆಯುವುದಿಲ್ಲ. ಕೋಲಾರಕ್ಕೂ ವೈನಾಡಿಗೂ ಇದ್ದ ಭೇದ ಕಲ್ಲಿನೊಳಗಿತ್ತು. ಆ ಭೇದದ ಸುಳಿವು ಇದ್ದದ್ದೂ ನಿಜ, ಆದರೆ ಅದು ಯಾವ ಪ್ರಾಸ್ಪೆಕ್ಟಸ್ಸಿನಲ್ಲಿಯೂ ಬೆಲೆಯಾಗಿ ಮೂಡಲಿಲ್ಲ: ಹೆಸರಿಲ್ಲದ ಜನ ಎಷ್ಟೋ ತಲೆಮಾರು ತೋಡಿ ಬಿಟ್ಟ ಗುಂಡಿಗಳೇ ಅಲ್ಲಿನ ಅತ್ಯಂತ ಪ್ರಾಮಾಣಿಕವಾದ ವರದಿಯಾಗಿದ್ದವು. ಲಾಭವಿಲ್ಲದ ಕಡೆ ಯಾರೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಮೈಸೂರು ಕಂಪನಿಯ ಉತ್ತರಕ್ಕೆ, ಅದೇ ಎಳೆಯ ಮೇಲೆ ಇದ್ದ ಊರಿಗಾಂ ಕಂಪನಿಯದು ಇನ್ನೂ ಸ್ವಾರಸ್ಯವಾದ ಪ್ರಸಂಗ. 1885ರಲ್ಲಿ ಇದರ ಖಜಾನೆಯೂ ಬರಿದಾಗಿತ್ತು. ಒಂದು ಪೌಂಡು ಮುಖಬೆಲೆಯ ಇದರ ಸಾಮಾನ್ಯ ಷೇರು ಪೇಟೆಯಲ್ಲಿ ಎರಡೂವರೆ ಶಿಲ್ಲಿಂಗಿಗೆ, ಅಂದರೆ ಎಂಟನೆಯ ಒಂದು ಪಾಲಿಗೆ, ಬಿಕರಿಯಾಗುತ್ತಿತ್ತು. ಎರಡೂವರೆ ಶಿಲ್ಲಿಂಗಿಗೆ ಸಿಗುವ ಕಂಪನಿಯಲ್ಲಿ 20 ಶಿಲ್ಲಿಂಗು ಕೊಟ್ಟು ಹೊಸ ಷೇರು ಕೊಳ್ಳುವವರಾರು? ನಿರ್ದೇಶಕರು ಒಂದು ಉಪಾಯ ಹೂಡಿದರು. 1,20,000 ಆದ್ಯತಾ ಷೇರುಗಳನ್ನು, ಅಂದರೆ ಲಾಭ ಬಂದಾಗ ಇತರರಿಗಿಂತ ಮೊದಲು ನಿಗದಿಯಾದ ಲಾಭಾಂಶವನ್ನು ಪಡೆಯುವ ಷೇರುಗಳನ್ನು, ತಲಾ ಒಂದು ಪೌಂಡಿನಂತೆ ಹೊರಡಿಸಿ, ಅದರಲ್ಲಿ 15 ಶಿಲ್ಲಿಂಗು ಆಗಲೇ ಸಂದಾಯವಾಗಿದೆಯೆಂದು ಲೆಕ್ಕದಲ್ಲಿ ಬರೆದು, ಕೊಳ್ಳುವವನು 5 ಶಿಲ್ಲಿಂಗು ಮಾತ್ರ ಕೊಟ್ಟರೆ ಸಾಕೆಂದು ಠರಾಯಿಸಿದರು. ವಾಸ್ತವವಾಗಿ ಆ 15 ಶಿಲ್ಲಿಂಗನ್ನು ಯಾರೂ ಕೊಟ್ಟಿರಲಿಲ್ಲ. ಎಲ್ಲ ಷೇರುಗಳೂ ಹೋದರೆ ಕಂಪನಿಗೆ ಬರುವುದು 30,000 ಪೌಂಡು. ಪುಸ್ತಕದಲ್ಲಿ ತೋರುವುದು 1,20,000.

ಆಗಿನ ಸ್ಥಿತಿಯಲ್ಲಿ ಇದು ಮೋಸವೆನಿಸಲಿಲ್ಲ, ಮೋಸ ಆಗಿರಲೂ ಇಲ್ಲ. ಪೇಟೆಯ ದರಕ್ಕೆ ಇಮ್ಮಡಿಯಾದ 5 ಶಿಲ್ಲಿಂಗನ್ನು ಕೊಟ್ಟು ಮುಳುಗುವ ಹಡಗಿಗೆ ಹತ್ತಿದವರು ಈ ಆದ್ಯತಾ ಷೇರುದಾರರು, ಮತ್ತು ಇವರ ಹಣದಿಂದಲೇ ಗಣಿ ಉಳಿದು ಎಳೆಯನ್ನು ಮುಟ್ಟಿತು. ಮುಟ್ಟಿದ ಮೇಲೆ ಷೇರಿನ ಬೆಲೆ ಮುಖಬೆಲೆಯನ್ನು ದಾಟಿ ಮೇಲೇರಿತು. ಲಾಭ ಹಂಚುವ ಸಮಯ ಬಂದಾಗ ಮಾತ್ರ, 5 ಶಿಲ್ಲಿಂಗು ಕೊಟ್ಟವರು 20 ಕೊಟ್ಟವರ ಹಾಗೆ, ಅದೂ ಅವರಿಗಿಂತ ಮುಂದೆ, ಸಾಲಿನಲ್ಲಿ ನಿಂತಿದ್ದರು. ರೋಪರ್ ಎಂಬ ಸಾಮಾನ್ಯ ಷೇರುದಾರ ಇದನ್ನು ಪ್ರಶ್ನಿಸಿ ದಾವೆ ಹೂಡಿದನು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಅವನ ಪರವಾಗಿ ತೀರ್ಪಾಗಿ, ಕಂಪನಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ ಸಲ್ಲಿಸಿತು. 1892ರಲ್ಲಿ ಹಾಲ್ಸ್‌ಬರಿ, ವಾಟ್ಸನ್, ಹರ್ಷೆಲ್, ಮ್ಯಾಕ್ನಾಟನ್ ಮೊದಲಾದ ಘಟಾನುಘಟಿಗಳು ಕುಳಿತು ಕೇಳಿದ ಆ ಮೊಕದ್ದಮೆಯಲ್ಲಿ, ನಿರ್ದೇಶಕರು ಸದುದ್ದೇಶದಿಂದಲೇ ನಡೆದಿದ್ದರೆಂದು ಒಪ್ಪಿಕೊಂಡೂ, ಕಂಪನಿಯೊಂದು ತನ್ನ ಷೇರನ್ನು ಮುಖಬೆಲೆಗಿಂತ ಕಡಿಮೆಗೆ ಹೊರಡಿಸುವಂತಿಲ್ಲ ಎಂದು ತೀರ್ಪಾಯಿತು. ಷೇರುದಾರನ ಹೊಣೆ ಮುಖಬೆಲೆಗೆ ಸೀಮಿತ ಎಂಬ ರಕ್ಷೆಯನ್ನು ಶಾಸನ ಕೊಟ್ಟಿರುವುದು ಆ ಮುಖಬೆಲೆಯಾದರೂ ಪೂರ್ತಿ ಬರುತ್ತದೆ ಎಂಬ ಷರತ್ತಿನ ಮೇಲೆ. ಕಂಪನಿಗೆ ಸಾಲ ಕೊಡುವವನು ನಂಬುವುದು ಆ ಬಂಡವಾಳವನ್ನೇ. ಅದನ್ನು ತಮ್ಮೊಳಗಿನ ಒಪ್ಪಂದದಿಂದ ಸದಸ್ಯರು ಕಡಿಮೆ ಮಾಡಿಕೊಳ್ಳಲಾಗದು ಎಂಬುದು ಅದರ ತರ್ಕ. ಅಷ್ಟು ವರ್ಷಗಳ ಮೇಲೆ ಆದ್ಯತಾ ಷೇರುದಾರರ ತಲೆಯ ಮೇಲೆ ಷೇರಿಗೆ 15 ಶಿಲ್ಲಿಂಗಿನ ಬಾಕಿ ಬಂದು ಕುಳಿತಿತು.

ಊರಿಗಾಂ ವಿರುದ್ಧ ರೋಪರ್ ಎಂಬ ಈ ಪ್ರಕರಣ ಕಂಪನಿ ಕಾನೂನು ಓದುವ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠ. ಇಂಗ್ಲೆಂಡಿನ 2006ರ ಕಂಪನಿ ಕಾಯಿದೆಯ 580ನೆಯ ವಿಧಿ ಇದೇ ನಿಯಮವನ್ನು ಹೇಳುತ್ತದೆ. ಭಾರತದಲ್ಲಿ 1956ರ ಕಾಯಿದೆಯ 79ನೆಯ ವಿಧಿ ಕೆಲವು ಕಟ್ಟುಪಾಡುಗಳೊಡನೆ ಇದಕ್ಕೆ ಸಡಿಲಿಕೆ ಕೊಟ್ಟಿತ್ತು. 2013ರ ಕಾಯಿದೆಯ 53ನೆಯ ವಿಧಿ ಆ ಸಡಿಲಿಕೆಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ನ್ಯಾಯದ ದೃಷ್ಟಿಯಿಂದ ಈ ತೀರ್ಪು ಗಟ್ಟಿಯಾದದ್ದೇ ಆದರೂ, ಗಣಿಯ ದೃಷ್ಟಿಯಿಂದ ಅದರಲ್ಲೊಂದು ವಿಪರ್ಯಾಸವಿದೆ: 1885ರಲ್ಲಿಯೇ ಈ ನಿಯಮವನ್ನು ಯಾರಾದರೂ ಎತ್ತಿ ಹಿಡಿದಿದ್ದರೆ, ರೋಪರ್ ಹಂಚಿಕೊಳ್ಳಬಯಸಿದ ಲಾಭವೇ ಹುಟ್ಟುತ್ತಿತ್ತೋ ಇಲ್ಲವೋ.

ಗೆದ್ದ ಗಣಿಗಳು ಐದೇ. ದಕ್ಷಿಣದಿಂದ ಉತ್ತರಕ್ಕೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂದು ಸಾಲಾಗಿ ಇದ್ದ ಇವು ಒಂದೇ ಎಳೆಯ ಮೇಲೆ ಪೋಣಿಸಿಕೊಂಡಿದ್ದವು. ಕೋರಮಂಡಲ್, ನೈನ್ ರೀಫ್ಸ್, ಟ್ಯಾಂಕ್ ಬ್ಲಾಕ್, ರೋಡ್ ಬ್ಲಾಕ್ ಮುಂತಾದ ಹೆಸರುಗಳಲ್ಲಿ ಅಕ್ಕಪಕ್ಕದ ನೆಲವನ್ನು ಹಿಡಿದ ಕಂಪನಿಗಳು ಒಂದೊಂದಾಗಿ ಸೊರಗಿ ಮುಚ್ಚಿದವು ಇಲ್ಲವೇ ಇನ್ನೊಂದರಲ್ಲಿ ಲೀನವಾದವು. ಅವುಗಳ ಷೇರು ಕೊಂಡವರು ಓದಿದ ವರದಿಗಳ ಭಾಷೆ ಗೆದ್ದ ಗಣಿಗಳ ವರದಿಗಳ ಭಾಷೆಗಿಂತ ಬೇರೆಯಾಗಿರಲಿಲ್ಲ. ನೆರೆಯ ಗಣಿಯಲ್ಲಿ ಚಿನ್ನ ಸಿಕ್ಕಿದೆ ಎಂಬ ಸುದ್ದಿಯೇ ಅವುಗಳ ಮುಖ್ಯ ಆಸ್ತಿಯಾಗಿತ್ತು.

ಗೆದ್ದ ಗಣಿಯ ಷೇರಿಗೆ ಬೆಲೆ ಕಟ್ಟುವುದರಲ್ಲಿಯೂ ಒಂದು ತೊಡಕಿತ್ತು. ಗಣಿ ಎನ್ನುವುದು ಬಳಸಿದಷ್ಟೂ ಮುಗಿಯುವ ಆಸ್ತಿ. 10 ವರ್ಷ ಬಾಳುವ ಗಣಿಯ ಷೇರನ್ನು 100 ಪೌಂಡಿಗೆ ಕೊಂಡವನಿಗೆ ವರ್ಷಕ್ಕೆ 15 ಪೌಂಡು ಲಾಭಾಂಶ ಬಂದರೆ, ಅದರಲ್ಲಿ 10 ಪೌಂಡು ಅವನದೇ ಅಸಲು. ನಿಜವಾದ ಗಳಿಕೆ 5 ಮಾತ್ರ. ಇಂಗ್ಲೆಂಡಿನ ಎಂಜಿನಿಯರ್ ಹಾಸ್ಕೋಲ್ಡ್ 1877ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ಈ ಅಸಲನ್ನು ಬೇರೆ ತೆಗೆದಿಟ್ಟು, ಭದ್ರವಾದ ಕಡಿಮೆ ಬಡ್ಡಿಗೆ ಬೆಳೆಸುತ್ತ ಹೋಗಬೇಕೆಂಬ ಲೆಕ್ಕವಿದೆ. ಕಂಪನಿಗಳೇನೋ ಹಾಗೆ ತೆಗೆದಿಡುವ ಅಗತ್ಯವಿರಲಿಲ್ಲ; ನ್ಯೂಶಾಟೆಲ್ ಡಾಂಬರು ಕಂಪನಿಯ ಪ್ರಕರಣದಲ್ಲಿ 1889ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೇ ಅಂಥ ಕಡ್ಡಾಯವಿಲ್ಲ ಎಂದಿತ್ತು. 1905ರಲ್ಲಿ ಕೋಲಾರದ ಉತ್ಪಾದನೆ 6 ಲಕ್ಷ ಔನ್ಸನ್ನು ಮೀರಿ ಶಿಖರ ಮುಟ್ಟಿದಾಗ ಹಂಚಿದ ಲಾಭಾಂಶಗಳನ್ನು ಬರಿಯ ಆದಾಯವೆಂದು ತಿಳಿದು ಖರ್ಚು ಮಾಡಿದವರು, ಆ ಬಳಿಕ ಅದಿರಿನ ಸತ್ವ ಇಳಿಯುತ್ತ ಹೋದಂತೆ ತಮ್ಮ ಅಸಲನ್ನೇ ತಿಂದಿದ್ದೆವೆಂದು ಅರಿತರು. ಮೊದಲ ವರ್ಷಗಳಲ್ಲಿ ಟನ್ನಿಗೆ 45 ಗ್ರಾಮಿನಷ್ಟಿದ್ದ ಚಿನ್ನ ಗಣಿ ಮುಚ್ಚುವ ಹೊತ್ತಿಗೆ 3 ಗ್ರಾಮಿನ ಆಸುಪಾಸಿಗೆ ಬಂದಿತ್ತು.

ಈ ಎಲ್ಲ ಲೆಕ್ಕಗಳಲ್ಲಿ ಕೋಲಾರದವರು ಎಲ್ಲಿದ್ದರು ಎಂದು ಕೇಳಿದರೆ, ಷೇರುದಾರರ ಪಟ್ಟಿಯಲ್ಲಂತೂ ಇರಲಿಲ್ಲ. ನೆಲದೊಳಗಿನ ದುಡಿಮೆಗೆ ಹೆಚ್ಚಾಗಿ ಉತ್ತರ ಆರ್ಕಾಟ್, ಸೇಲಂ ಕಡೆಯ ತಮಿಳು ದಲಿತರು ಬಂದರು. ಸುತ್ತಲಿನ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಸೀಮೆಗಳಿಗೆ ಗಣಿಯೂರು ಬಹುತೇಕ ಒಂದು ಸಂತೆಯಾಗಿತ್ತು, ಕೂಲಿಯ ಆಸರೆಯಾಗಿತ್ತು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ತಾರುಣ್ಯದಲ್ಲಿ ಹೊಟ್ಟೆಪಾಡಿಗಾಗಿ ಸ್ವಲ್ಪಕಾಲ ದುಡಿದದ್ದು ಇಲ್ಲಿನ ಸೋಡಾ ಕಾರ್ಖಾನೆಯೊಂದರಲ್ಲಿ. 1930ರಲ್ಲಿ ಹೆಬ್ಬೆಟ್ಟಿನ ಗುರುತು ಕೊಡಬೇಕೆಂಬ ಆಜ್ಞೆಯ ವಿರುದ್ಧ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದಾಗ, ಆ ಮುಷ್ಕರ ಲಂಡನ್ನಿನ ಷೇರುದಾರನಿಗೆ ತಲುಪಿದ್ದು ಆ ತಿಂಗಳ ಉತ್ಪಾದನೆಯ ತಂತಿಯಲ್ಲಿ ಕಾಣಿಸಿದ ಕೊರತೆಯಾಗಿ.

ಕೋಲಾರದ ಚಿನ್ನಕ್ಕೆ ಎಲ್ಲರಿಗಿಂತ ಚೆನ್ನಾಗಿ ಬೆಲೆ ಕಟ್ಟಿದ್ದು ಬಹುಶಃ ಮೈಸೂರು ಸರ್ಕಾರ. ಅದು ಷೇರು ಕೊಳ್ಳುವ ಗೊಡವೆಗೆ ಹೋಗದೆ, ತೆಗೆದ ಚಿನ್ನದ ಮೇಲೆ ನೂರಕ್ಕೆ 5ರಂತೆ ರಾಜಧನವನ್ನು, ಅಂದರೆ ನೆಲದೊಡೆಯನಿಗೆ ಸಲ್ಲುವ ಪಾಲನ್ನು, ಪಡೆಯುತ್ತ ಬಂತು. ರಾಜಧನ ಲಾಭದ ಮೇಲಲ್ಲ, ಉತ್ಪತ್ತಿಯ ಮೇಲೆ ಬರುವುದರಿಂದ ಗಣಿ ನಷ್ಟದಲ್ಲಿದ್ದರೂ ಅದು ನಿಲ್ಲುವುದಿಲ್ಲ. 1894ರಲ್ಲಿ ಸರ್ಕಾರ ಭೂವಿಜ್ಞಾನ ಇಲಾಖೆಯನ್ನು ತೆರೆದು ಬ್ರೂಸ್ ಫೂಟ್‌ನಂಥ ಅನುಭವಿ ಭೂವಿಜ್ಞಾನಿಯನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಯೋಜನೆಗೊಂಡು 1902ರ ಜೂನಿನಲ್ಲಿ ಶುರುವಾದ ಶಿವನಸಮುದ್ರದ ವಿದ್ಯುತ್ತನ್ನು 147 ಕಿಲೋಮೀಟರ್ ದೂರಕ್ಕೆ ಸಾಗಿಸಿ ಗಣಿಗಳಿಗೆ ಮಾರಿದ್ದೂ, ಚಿನ್ನ ಸಿಗಲಿ ಬಿಡಲಿ ಹಣ ಬರುವ ಕರಾರಿನ ಮೇಲೆಯೇ.

1956ರಲ್ಲಿ ಗಣಿಗಳು ಮೈಸೂರು ರಾಜ್ಯ ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರದ ವಶಕ್ಕೂ ಹೋದ ಮೇಲೆ ಷೇರುದಾರನ ಕಥೆ ಮುಗಿದು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿಯ ನಷ್ಟದ ಕಥೆ ಮೊದಲಾಯಿತು. 2001ರ ಫೆಬ್ರವರಿ 28ರಂದು ಅದೂ ಮುಗಿಯಿತು. ಹಳೆಯ ಪ್ರಶ್ನೆ ಬೇರೆ ಕಡೆ ತಲೆಯೆತ್ತಿತು. ಮುಂಬಯಿ ಷೇರುಪೇಟೆಯಲ್ಲಿ ದಾಖಲಾದ ಡೆಕ್ಕನ್ ಗೋಲ್ಡ್ ಮೈನ್ಸ್ ಎಂಬ ಸಣ್ಣ ಕಂಪನಿ ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಅದಿರನ್ನು ಗುರುತಿಸಿ ವರ್ಷಗಟ್ಟಲೆ ಗಣಿ ಗುತ್ತಿಗೆಗಾಗಿ ಕಾಯಿತು. 2015ರಲ್ಲಿ ಗಣಿ ಕಾಯಿದೆಗೆ ತಿದ್ದುಪಡಿಯಾಗಿ ಹರಾಜೇ ನಿಯಮವೆಂದಾದಾಗ, ಮೊದಲೇ ಹುಡುಕಿದವರ ಹಕ್ಕನ್ನು ಉಳಿಸಲಾಗಿತ್ತು. 2021ರ ತಿದ್ದುಪಡಿ ಆ ಉಳಿಕೆಯನ್ನೂ ತೆಗೆಯಿತು. ಇಂಥ ಕಂಪನಿಯ ಷೇರು ಹಿಡಿದವನು ಟನ್ನಿಗೆ ಎಷ್ಟು ಗ್ರಾಂ ಎಂಬುದನ್ನು ಎಷ್ಟು ಸರಿಯಾಗಿ ತಿಳಿದುಕೊಂಡಿದ್ದರೂ ಅದು ಉಪಯೋಗಕ್ಕೆ ಬರುವಂತಿರಲಿಲ್ಲ, ಏಕೆಂದರೆ ಇಲ್ಲಿ ಕಲ್ಲು ಇದ್ದಲ್ಲಿಯೇ ಇತ್ತು, ಅದನ್ನು ತೋಡುವ ಹಕ್ಕು ಜಾರಿಹೋಯಿತು.

ಕೋಲಾರದಲ್ಲಿಯೂ ಈಗ ಬೆಲೆ ಕಟ್ಟುವ ಕೆಲಸ ಮತ್ತೆ ನಡೆದಿದೆ, ನೆಲದೊಳಗಿನ ಎಳೆಗಲ್ಲ, ನೆಲದ ಮೇಲಿನ ಗುಡ್ಡಗಳಿಗೆ. ಅರೆದು ಸಯನೈಡಿನಲ್ಲಿ ತೊಳೆದು ಸುರಿದ ಪುಡಿಮಣ್ಣು 13 ದಿಬ್ಬಗಳಾಗಿ, ಸುಮಾರು 3.3 ಕೋಟಿ ಟನ್ನು, ಸಾವಿರ ಎಕರೆಯಷ್ಟು ನೆಲದ ಮೇಲೆ ಬಿದ್ದಿದೆ. ಅವುಗಳನ್ನು ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಾಜಿನ ಪ್ರಕಾರ ಅದರಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನವಿದೆ. ಔನ್ಸಿಗೆ 85 ಶಿಲ್ಲಿಂಗಿದ್ದ ಕಾಲದಿಂದ ಕಸವೆಂದು ಸುರಿದ ಮಣ್ಣು ಇದು. ಈಗಿನ ಚಿನ್ನದ ದರಕ್ಕೆ ಇದರ ಲೆಕ್ಕ ಕೂಡಿಬರುತ್ತದೆ, ದರ ಇಳಿದರೆ ಕೂಡಿಬರುವುದಿಲ್ಲ.